ಸಸ್ಯದ ಸಕ್ಕರೆಯಿಂದ ಬೆಂಜೀನ್ ಉಂಗುರ: ಆಕ್ಸಿಜನ್‌ನ ಯಾವ ದಾರೀಲಿ ಹೊರಗೆ ಹಾಕ್ತೀರ ಅನ್ನೋದೇ ಮುಖ್ಯ

ಪ್ರಶ್ನೆ: ನಾನು ಎಂಎಸ್ಸಿ ಕೆಮಿಸ್ಟ್ರಿ ಓದ್ತಿದ್ದೀನಿ ಸರ್, ಊರು ಮುಧೋಳದ ಹತ್ರ. ನಮ್ಮ ಸುತ್ತಮುತ್ತ ಎಲ್ಲಾ ಸಕ್ಕರೆ ಫ್ಯಾಕ್ಟರಿಗಳೇ. ಬೆಂಜೀನ್, ಕ್ಸೈಲೀನ್ ತರದ ಆರೋಮ್ಯಾಟಿಕ್, ಅಂದ್ರೆ ಬೆಂಜೀನ್ ತರದ ಉಂಗುರ ಇರೋ, ಕೆಮಿಕಲ್‌ಗಳನ್ನ ಪೆಟ್ರೋಲಿಯಂ ಬದಲು ಸಸ್ಯದ ಸಕ್ಕರೆಯಿಂದ, ಅದೂ ಗ್ರೀನ್ ವಿಧಾನದಲ್ಲಿ ಮಾಡಬಹುದು ಅಂತ ಕ್ಲಾಸಲ್ಲಿ ಹೇಳಿದ್ರು. ಇದು ನಿಜವಾಗ್ಲೂ ಆಗೋ ಮಾತಾ? ಎಲ್ಲರೂ ಗ್ರೀನ್ ಗ್ರೀನ್ ಅಂತಾರಲ್ಲ, ಅದನ್ನ ನಾವು ಹೇಗೆ ಪರೀಕ್ಷೆ ಮಾಡಿ ನೋಡೋದು? ಕಬ್ಬಿನ ಸಿಪ್ಪೆ ಇಟ್ಕೊಂಡು ನನ್ನ ಪ್ರಾಜೆಕ್ಟ್ ಮಾಡೋಕೆ ಆಗುತ್ತಾ?

ಉತ್ತರ:

ಆಗುತ್ತೆ. ಅದರ ಮೊದಲ ಹೆಜ್ಜೆನ ನೀವೇ ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಮಾಡಿರ್ತೀರ. ಮೋಲಿಶ್ ಟೆಸ್ಟ್ ನೆನಪಿರಬೇಕು, ಸಕ್ಕರೆ ನೀರಿಗೆ ಎರಡು ಹನಿ ಆಲ್ಫಾ ನ್ಯಾಫ್ತಾಲ್ ಹಾಕಿ, ಟ್ಯೂಬನ್ನ ಓರೆಯಾಗಿ ಹಿಡಿದು, ಗಾಜಿನ ಗುಂಟ ನಿಧಾನಕ್ಕೆ ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಆಸಿಡ್ ಇಳಿಸಿದ್ರೆ ಎರಡೂ ಪದರ ಸೇರೋ ಜಾಗದಲ್ಲಿ ನೇರಳೆ ಬಣ್ಣದ ಉಂಗುರ ಬರುತ್ತಲ್ಲ, ಅದೇ. ಅಲ್ಲಿ ಆಸಿಡ್ಡು ಸಕ್ಕರೆಯ ಒಂದೊಂದು ಅಣುವಿಂದ ಮೂರು ಮೂರು ನೀರು ಕಿತ್ತು ತೆಗೆಯುತ್ತೆ. ಕ್ಸೈಲೋಸ್ ತರದ ಐದು ಕಾರ್ಬನ್ ಸಕ್ಕರೆ ಆಗಿದ್ರೆ ಫರ್ಫ್ಯೂರಲ್ ಆಗುತ್ತೆ, ಗ್ಲೂಕೋಸ್ ಫ್ರಕ್ಟೋಸ್ ತರದ ಆರು ಕಾರ್ಬನ್‌ದಾದ್ರೆ ಹೈಡ್ರಾಕ್ಸಿಮಿಥೈಲ್ ಫರ್ಫ್ಯೂರಲ್, ಚಿಕ್ಕದಾಗಿ ಎಚ್‌ಎಂಎಫ್. ಅದು ನ್ಯಾಫ್ತಾಲ್ ಜೊತೆ ಸೇರಿ ನೇರಳೆ ಬಣ್ಣ ಕೊಡುತ್ತೆ. ರೆಕಾರ್ಡ್ ಬುಕ್ಕಲ್ಲಿ ಕಾರ್ಬೋಹೈಡ್ರೇಟ್ ಇದೆ ಅಂತ ಬರೆದು ಮುಂದಿನ ಟೆಸ್ಟಿಗೆ ಹೋಗಿಬಿಡ್ತೀವಿ, ಆದ್ರೆ ನೀವು ಕೇಳ್ತಿರೋ ವಿಷಯದ ಬಹುಪಾಲು ಶುರುವಾಗೋದು ಅಲ್ಲಿ ಹುಟ್ಟೋ ಫ್ಯೂರಾನ್ ಉಂಗುರದಿಂದ. ಅದರಲ್ಲಿ ನಾಲ್ಕು ಕಾರ್ಬನ್, ಒಂದು ಆಕ್ಸಿಜನ್. ಅದನ್ನ ಆರು ಕಾರ್ಬನ್ನಿನ ಬೆಂಜೀನ್ ಉಂಗುರ ಮಾಡೋದು ಹೇಗೆ, ಮಾಡೋವಾಗ ಎಷ್ಟು ಹಾಳಾಗುತ್ತೆ, ಇವೆರಡೇ ಪ್ರಶ್ನೆ.

ಈಗ ಈ ಉಂಗುರಗಳು ಹೆಚ್ಚಾಗಿ ಬರ್ತಿರೋದು ನ್ಯಾಫ್ತಾದಿಂದ, ಅಂದ್ರೆ ಕಚ್ಚಾ ತೈಲದ ಒಂದು ಹಗುರ ಭಾಗದಿಂದ. ರಿಫೈನರಿಲಿ ನ್ಯಾಫ್ತಾನ ಸುಮಾರು 500 ಡಿಗ್ರಿ ಬಿಸಿಲಿ ಪ್ಲಾಟಿನಂ ಕ್ಯಾಟಲಿಸ್ಟ್ ಮೇಲೆ ಹಾಯಿಸಿ ಬೆಂಜೀನ್, ಟಾಲ್ಯುವೀನ್, ಕ್ಸೈಲೀನ್ ತೆಗೀತಾರೆ. ನಮ್ಮ ಮಂಗಳೂರಲ್ಲೇ, ಈಗ ಎಂಆರ್‌ಪಿಎಲ್ ರಿಫೈನರಿ ಒಳಗೆ ಸೇರಿರೋ ಆರೋಮ್ಯಾಟಿಕ್ ಕಾಂಪ್ಲೆಕ್ಸ್‌ಗೆ ವರ್ಷಕ್ಕೆ ಸುಮಾರು 9 ಲಕ್ಷ ಟನ್ ಪ್ಯಾರಾಕ್ಸೈಲೀನ್ ಮಾಡೋ ಕೆಪಾಸಿಟಿ ಇದೆ, ಈ ಸಂಖ್ಯೆ ತಲೆಲಿ ಇಟ್ಕೊಂಡಿರಿ. ಪ್ಯಾರಾಕ್ಸೈಲೀನ್‌ನಿಂದ ಟೆರೆಫ್ತಾಲಿಕ್ ಆಸಿಡ್, ಅದರಿಂದ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್, ಪಾಲಿಯೆಸ್ಟರ್ ಸೀರೆ, ಶರ್ಟ್ ಬಟ್ಟೆ. ಬೆಂಜೀನ್‌ನಿಂದ ಫೀನಾಲ್, ಅನಿಲೀನ್, ಸ್ಟೈರೀನ್, ಅಲ್ಲಿಂದ ಮಾತ್ರೆ, ಬಣ್ಣ, ಫೋಮ್, ಥರ್ಮೋಕೋಲ್. ಪೆಟ್ರೋಲಿಯಂನಲ್ಲಿ ಕಾರ್ಬನ್ನು ಹೈಡ್ರೋಜನ್ನು ಬಿಟ್ರೆ ಬೇರೇನೂ ಹೆಚ್ಚಿಲ್ಲ, ಅದಕ್ಕೇ ಅಲ್ಲಿ ಹೈಡ್ರೋಜನ್ ತೆಗೆದ್ರೆ ಉಂಗುರ ಬರುತ್ತೆ. ಸಕ್ಕರೆ ಕಥೆ ಪೂರ್ತಿ ಉಲ್ಟಾ.

ಗ್ಲೂಕೋಸ್‌ನಲ್ಲಿ ಆರು ಕಾರ್ಬನ್ನಿಗೆ ಆರು ಆಕ್ಸಿಜನ್. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಆಕ್ಸಿಜನ್ನೇ. ನಮಗೆ ಬೇಕಿರೋ ಕ್ಸೈಲೀನ್‌ನಲ್ಲಿ ಆಕ್ಸಿಜನ್ ಒಂದೂ ಇಲ್ಲ. ಹಾಗಾಗಿ ಸಕ್ಕರೆಯಿಂದ ಆರೋಮ್ಯಾಟಿಕ್ ಮಾಡೋದು ಅಂದ್ರೆ ಮುಖ್ಯವಾಗಿ ಆಕ್ಸಿಜನ್ನನ್ನ ಹೊರಗೆ ಹಾಕೋ ಕೆಲಸ, ಮತ್ತೆ ಆ ಆಕ್ಸಿಜನ್ನು ಹೊರಗೆ ಹೋಗೋಕೆ ಮೂರು ದಾರಿ ಇದೆ: ಅಣುಲಿರೋ ಹೈಡ್ರೋಜನ್ನನ್ನೇ ಕರ್ಕೊಂಡು ನೀರಾಗಿ ಹೋಗಬಹುದು, ಕಾರ್ಬನ್ನನ್ನ ಎಳ್ಕೊಂಡು ಕಾರ್ಬನ್ ಡೈಆಕ್ಸೈಡ್ ಆಗಿ ಹೋಗಬಹುದು, ಇಲ್ಲಾ ನಾವು ಹೊರಗಿಂದ ಹೈಡ್ರೋಜನ್ ಕೊಟ್ಟು ನೀರು ಮಾಡಿ ಕಳಿಸಬೇಕು. ನನ್ನ ಪ್ರಕಾರ ಗ್ರೀನ್ ಹೌದೋ ಅಲ್ವೋ ಅನ್ನೋದು ಇಲ್ಲೇ ತೀರ್ಮಾನ ಆಗೋದು. ಕಚ್ಚಾವಸ್ತು ಗಿಡದ್ದು ಅಂತ ಲೇಬಲ್ ಹಚ್ಚೋದು ಸುಲಭ, ಆದ್ರೆ ನ್ಯಾಚುರಲ್ ಗ್ಯಾಸ್‌ನಿಂದ ಮಾಡಿದ ಹೈಡ್ರೋಜನ್ನನ್ನ ಬೇಕಾದಷ್ಟು ಸುರಿದು ಆಕ್ಸಿಜನ್ ತೆಗೆದ್ರೆ ಪೆಟ್ರೋಲಿಯಂ ಹಿಂಬಾಗಿಲಿಂದ ಒಳಗೆ ಬಂದಂಗೇ ಆಯ್ತು.

ಲೆಕ್ಕ ಹಾಕಿ ನೋಡೋಣ, ಪೆನ್ನು ತಗೊಳ್ಳಿ. 180 ಗ್ರಾಂ ಗ್ಲೂಕೋಸ್ ಇದೆ ಅನ್ಕೊಳ್ಳಿ, ಅದು ಫ್ರಕ್ಟೋಸ್ ಆಗುತ್ತೆ, ತೂಕ ಅಷ್ಟೇ. ಮೂರು ನೀರು ಹೋದ್ರೆ 126 ಗ್ರಾಂ ಎಚ್‌ಎಂಎಫ್. ಇದಕ್ಕೆ 6 ಗ್ರಾಂ ಹೈಡ್ರೋಜನ್ ಕೊಟ್ಟು ಇನ್ನೆರಡು ನೀರು ತೆಗೆದ್ರೆ 96 ಗ್ರಾಂ ಡೈಮಿಥೈಲ್‌ಫ್ಯೂರಾನ್. ಇದಕ್ಕೆ 28 ಗ್ರಾಂ ಎಥಿಲೀನ್ ಸೇರಿಸಿ ಡೀಲ್ಸ್-ಆಲ್ಡರ್ ರಿಯಾಕ್ಷನ್ ಮಾಡಿದ್ರೆ ಫ್ಯೂರಾನ್‌ನ ನಾಲ್ಕು ಕಾರ್ಬನ್ನು, ಎಥಿಲೀನ್‌ನ ಎರಡು ಕಾರ್ಬನ್ನು ಕೂಡಿ ಆರರ ಉಂಗುರ, ಮೇಲೆ ಆಕ್ಸಿಜನ್ ಸೇತುವೆ ತರ ಕೂತಿರುತ್ತೆ, ಆಸಿಡ್ ಕ್ಯಾಟಲಿಸ್ಟ್ ಅದನ್ನೂ ನೀರಾಗಿ ತೆಗೆದುಬಿಟ್ರೆ 106 ಗ್ರಾಂ ಪ್ಯಾರಾಕ್ಸೈಲೀನ್. ಒಟ್ಟು ಆರು ನೀರು ಹೋಯ್ತು, 108 ಗ್ರಾಂ. ಅಂದ್ರೆ ಎಲ್ಲಾ ಹೆಜ್ಜೆಲೂ ನೂರಕ್ಕೆ ನೂರು ಯೀಲ್ಡ್ ಬಂದ್ರೂ 180 ಗ್ರಾಂ ಸಕ್ಕರೆಗೆ 106 ಗ್ರಾಂ ಮಾತ್ರ, ಅದರಲ್ಲೂ ಎರಡು ಕಾರ್ಬನ್ ಎಥಿಲೀನ್‌ದು. ಕೊನೇ ಹೆಜ್ಜೆ ಬಗ್ಗೆ ಒಳ್ಳೆ ಕೆಲಸ ಆಗಿದೆ, ಅಮೆರಿಕದ ಡೆಲವೇರ್ ಯೂನಿವರ್ಸಿಟಿ ಕಡೆಯ ಸಂಶೋಧಕರು 2014ರ ಹೊತ್ತಿಗೆ ಬೀಟಾ ಅನ್ನೋ ಜಿಯೋಲೈಟ್ (ಸಣ್ಣ ಸಣ್ಣ ರಂಧ್ರ ಇರೋ ಖನಿಜದಂಥ ಕ್ಯಾಟಲಿಸ್ಟ್) ಬಳಸಿ ಸುಮಾರು 250 ಡಿಗ್ರಿಲಿ 90 ಪರ್ಸೆಂಟ್ ಸೆಲೆಕ್ಟಿವಿಟಿ, ಅಂದ್ರೆ ಬದಲಾದ ಸರಕಲ್ಲಿ ಅಷ್ಟು ಪಾಲು ಪ್ಯಾರಾಕ್ಸೈಲೀನೇ ಆಗೋದನ್ನ, ತೋರಿಸಿದ್ರು. ಎಥಿಲೀನ್ ಕೂಡ ಕಬ್ಬಿನ ಎಥೆನಾಲ್‌ನಿಂದ ಮಾಡಬಹುದು, ಬ್ರೆಜಿಲ್‌ನ ಬ್ರಾಸ್ಕೆಮ್ 2010ರಲ್ಲಿ ವರ್ಷಕ್ಕೆ 2 ಲಕ್ಷ ಟನ್ ಕೆಪಾಸಿಟಿಲಿ ಶುರು ಮಾಡಿ ಹಾಗೇ ಮಾಡ್ತಾ ಬಂದಿದೆ.

ಆದ್ರೆ ಈಗ ಇನ್ನೊಂದು ವಿಷಯ ನೋಡಿ. ಪ್ಯಾರಾಕ್ಸೈಲೀನ್ ಅನ್ನೋದು ನಮಗೆ ಅದಕ್ಕಾಗೇ ಬೇಕಿರೋ ವಸ್ತು ಅಲ್ಲ, ಅದನ್ನ ಗಾಳಿಲಿ ಆಕ್ಸಿಡೈಸ್ ಮಾಡಿ ಟೆರೆಫ್ತಾಲಿಕ್ ಆಸಿಡ್ ಮಾಡ್ಬೇಕು, ಅದರಲ್ಲಿ ನಾಲ್ಕು ಆಕ್ಸಿಜನ್ ಇದೆ! ಸಕ್ಕರೆಲಿದ್ದ ಆಕ್ಸಿಜನ್ನನ್ನ ಹೈಡ್ರೋಜನ್ ಖರ್ಚು ಮಾಡಿ ಒಂದೂ ಬಿಡದಂಗೆ ತೆಗೆದು, ಆಮೇಲೆ ಕೋಬಾಲ್ಟು ಮ್ಯಾಂಗನೀಸು ಬ್ರೋಮೈಡು ಹಾಕಿ ಮತ್ತೆ ನಾಲ್ಕು ಆಕ್ಸಿಜನ್ ಒಳಗೆ ತುಂಬೋದು. ಇದು ಯಾಕೆ ಅಂದ್ರೆ ಈಗಿರೋ ಫ್ಯಾಕ್ಟರಿಗಳಿಗೆ ಪ್ಯಾರಾಕ್ಸೈಲೀನ್ ಕೊಟ್ರೆ ಮಾತ್ರ ಗೊತ್ತು, ಅದೇ ಪೈಪಿಗೆ ಅದೇ ಅಣು ಹೋಗ್ಬೇಕು. ವ್ಯಾಪಾರದ ದೃಷ್ಟಿಲಿ ಅರ್ಥ ಆಗುತ್ತೆ, ಕೆಮಿಸ್ಟ್ರಿ ದೃಷ್ಟಿಲಿ ನನಗೆ ಇದು ಒಪ್ಪಿಗೆ ಆಗಲ್ಲ. 2015ರಲ್ಲಿ ಮಿಲಾನ್ ಎಕ್ಸ್‌ಪೋದಲ್ಲಿ ಕೋಕಾ-ಕೋಲಾ ಪೂರ್ತಿ ಸಸ್ಯಮೂಲದ ಪೆಟ್ ಬಾಟಲಿ ತೋರಿಸಿತ್ತು, ಅದರ ಕ್ಸೈಲೀನ್ ಬಂದಿದ್ದು ವಿಸ್ಕಾನ್ಸಿನ್‌ನ ವೈರೆಂಟ್ ಕಂಪನಿಯ ಸಕ್ಕರೆ ಪ್ರಕ್ರಿಯೆಯಿಂದ, ಅಲ್ಲಿ ದಾರಿ ಬೇರೆ, ಆದ್ರೆ ಆಕ್ಸಿಜನ್ ಪೂರ್ತಿ ತೆಗೀಲೇಬೇಕು ಅನ್ನೋ ಕಷ್ಟ ಅದೇ. ಪೆಟ್‌ನ ಇನ್ನೊಂದು ಭಾಗ ಎಥಿಲೀನ್ ಗ್ಲೈಕಾಲ್, ಅದನ್ನ ಸಸ್ಯದಿಂದ ಮಾಡೋದು ಎಷ್ಟೋ ಸುಲಭ, ಉತ್ತರಾಖಂಡದ ಕಾಶೀಪುರದಲ್ಲಿ ಇಂಡಿಯಾ ಗ್ಲೈಕಾಲ್ಸ್ ಕಂಪನಿ ಮೊಲಾಸಿಸ್‌ನ (ಸಕ್ಕರೆ ಫ್ಯಾಕ್ಟರಿಲಿ ಉಳಿಯೋ ಕಾಕಂಬಿಯ) ಎಥೆನಾಲ್‌ನಿಂದ ಅದನ್ನ ದಶಕಗಳಿಂದ ಮಾಡ್ತಿದೆ. ಕಷ್ಟ ಇರೋದು ಉಂಗುರದ ಭಾಗದಲ್ಲೇ.

ಹಾಗಾದ್ರೆ ಆಕ್ಸಿಜನ್ನನ್ನ ತೆಗೀದೇ ಇದ್ರೆ? ಎಚ್‌ಎಂಎಫ್‌ನ ಎರಡೂ ತುದಿನ ಆಕ್ಸಿಡೈಸ್ ಮಾಡಿದ್ರೆ ಫ್ಯೂರಾನ್ ಡೈಕಾರ್ಬಾಕ್ಸಿಲಿಕ್ ಆಸಿಡ್, ಎಫ್‌ಡಿಸಿಎ ಅಂತಾರೆ. ಇದು ಟೆರೆಫ್ತಾಲಿಕ್ ಆಸಿಡ್ ತರಾನೇ ಎರಡು ಕೈ ಇರೋ ಚಪ್ಪಟೆ ಅಣು, ಬೆಂಜೀನ್ ಜಾಗದಲ್ಲಿ ಫ್ಯೂರಾನ್ ಅಷ್ಟೇ, ಫ್ಯೂರಾನ್ ಕೂಡ ಆರೋಮ್ಯಾಟಿಕ್ ಉಂಗುರಾನೇ ಅನ್ನೋದು ನಿಮಗೆ ಗೊತ್ತಿದೆ. ಹೈಡ್ರೋಜನ್ ಬೇಡ, ಗಾಳಿಲಿರೋ ಆಕ್ಸಿಜನ್ ಸಾಕು. 180 ಗ್ರಾಂ ಸಕ್ಕರೆಗೆ ಲೆಕ್ಕದ ಪ್ರಕಾರ 156 ಗ್ರಾಂವರೆಗೂ ಸಿಗುತ್ತೆ. 106 ಎಲ್ಲಿ 156 ಎಲ್ಲಿ, ಅದೂ ಆರೂ ಕಾರ್ಬನ್ ಉಳಿಸ್ಕೊಂಡು! ಇದರ ಪ್ಲಾಸ್ಟಿಕ್ ಹೆಸರು ಪಿಇಎಫ್, ಕಾರ್ಬನ್ ಡೈಆಕ್ಸೈಡ್, ಆಕ್ಸಿಜನ್ ಸೋರಿಕೆನ ಪೆಟ್‌ಗಿಂತ ಹಲವು ಪಟ್ಟು ಚೆನ್ನಾಗಿ ತಡೆಯುತ್ತೆ. ನೆದರ್ಲೆಂಡ್ಸ್‌ನ ಅವಾಂಟಿಯಂ ಕಂಪನಿ ಡೆಲ್ಫ್‌ಜೈಲ್ ಅನ್ನೋ ಊರಲ್ಲಿ ವರ್ಷಕ್ಕೆ 5,000 ಟನ್ ಎಫ್‌ಡಿಸಿಎ ಮಾಡೋ ಘಟಕನ 2024ರಲ್ಲಿ ಉದ್ಘಾಟನೆ ಮಾಡ್ತು. ಅವರು ಫ್ರಕ್ಟೋಸ್‌ನ ನೀರಲ್ಲಿ ಅಲ್ಲ ಮಿಥನಾಲ್‌ನಲ್ಲಿ ಕಾಯಿಸ್ತಾರೆ, ಆಗ ಎಚ್‌ಎಂಎಫ್ ಬದಲು ಅದರ ಮೀಥಾಕ್ಸಿ ರೂಪ ಬರುತ್ತೆ, ಅದು ಬೇಗ ಕೆಡಲ್ಲ. ಈಗ ಮಂಗಳೂರಿನ 9 ಲಕ್ಷ ಟನ್ ಪಕ್ಕ ಈ 5,000 ಇಟ್ಟು ನೋಡಿ, ಎಲ್ಲಿದ್ದೀವಿ ಅಂತ ಗೊತ್ತಾಗುತ್ತೆ. ನಿರಾಸೆ ಪಡೋ ವಿಷಯ ಅಲ್ಲ, ಪೆಟ್ರೋಲಿಯಂನೋರಿಗೆ ಅಷ್ಟು ದೊಡ್ಡದಾಗಿ ಬೆಳೆಯೋಕೆ ಎಷ್ಟೋ ದಶಕ ಹಿಡಿದಿದೆ.

ಎಚ್‌ಎಂಎಫ್ ಬೇಗ ಕೆಡುತ್ತೆ ಅಂದೆನಲ್ಲ, ಈ ಇಡೀ ವಿಷಯದಲ್ಲಿ ಜನಕ್ಕೆ ನಿಜವಾಗ್ಲೂ ತಲೆನೋವು ಕೊಡೋದು ಅದೇ. ಆಲೆಮನೆಲಿ ಕೊಪ್ಪರಿಗೆ ಮುಂದೆ ನಿಂತಿದ್ರೆ ನಿಮಗೆ ಗೊತ್ತು, ಕಬ್ಬಿನ ಹಾಲು ಕುದೀತಾ ಕುದೀತಾ ಬಣ್ಣ ತಿಳಿಹಳದಿಯಿಂದ ಕೆಂಚಗಾಗಿ, ಉರಿ ಹೆಚ್ಚಾದ್ರೆ ತಳ ಹಿಡಿದು ಕರ್ರಗಾಗುತ್ತೆ. ಅಲ್ಲೂ ಸ್ವಲ್ಪ ಎಚ್‌ಎಂಎಫ್ ಹುಟ್ಟಿರುತ್ತೆ. ಜೇನುತುಪ್ಪ ಜಾಸ್ತಿ ಕಾಯಿಸಿದ್ರೂ ಹುಟ್ಟುತ್ತೆ, ಅದಕ್ಕೇ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಜೇನಿನಲ್ಲಿ ಕೆಜಿಗೆ 80 ಮಿಲಿಗ್ರಾಂಗಿಂತ ಹೆಚ್ಚು ಇರಬಾರ್ದು ಅಂತ ಮಿತಿ ಇಟ್ಟಿದೆ. ಫ್ಲಾಸ್ಕಲ್ಲಿ ಆಗೋದೂ ಇದೇ ಬಣ್ಣದ ಸಾಲು. ಆಸಿಡ್ ಇರೋ ಬಿಸಿನೀರಲ್ಲಿ ಎಚ್‌ಎಂಎಫ್ ಸುಮ್ನೆ ಕೂರಲ್ಲ, ಒಂದು ಪಾಲು ನೀರು ವಾಪಸ್ ಕುಡಿದು ಲೆವ್ಯುಲಿನಿಕ್ ಆಸಿಡ್, ಫಾರ್ಮಿಕ್ ಆಸಿಡ್ ಆಗಿ ಒಡೆಯುತ್ತೆ, ಇನ್ನೊಂದು ಪಾಲು ಸಕ್ಕರೆ ಜೊತೆ ಸೇರಿ ಹ್ಯೂಮಿನ್ ಅನ್ನೋ ಕರಿ ಪುಡಿ ಆಗಿ ಪಾತ್ರೆ ಗೋಡೆಗೆ ಹತ್ತುತ್ತೆ, ಆ ಪುಡಿ ಸಾಮಾನ್ಯ ಸಾಲ್ವೆಂಟ್‌ಗೆಲ್ಲಾ ಕರಗೋದೂ ಇಲ್ಲ. ಯೀಲ್ಡ್ ಅಲ್ಲೇ ಕಳೆದುಹೋಗುತ್ತೆ. ಡಿಎಂಎಸ್‌ಓ ಸಾಲ್ವೆಂಟ್ ಹಾಕಿದ್ರೆ ಯೀಲ್ಡ್ ಅದ್ಭುತವಾಗಿ ಬರುತ್ತೆ, ಆದ್ರೆ ಅದು ಕುದಿಯೋದು 189 ಡಿಗ್ರಿಲಿ, ಅದರಿಂದ ಎಚ್‌ಎಂಎಫ್ ಬೇರೆ ಮಾಡೋಷ್ಟರಲ್ಲಿ ಶಕ್ತಿನೂ ಖರ್ಚು ಸರಕೂ ಹಾಳು. ಇದಕ್ಕೆ ಒಳ್ಳೆ ಉಪಾಯ ಬಂದಿದ್ದು 2006ರಲ್ಲಿ, ವಿಸ್ಕಾನ್ಸಿನ್‌ನ ಜೇಮ್ಸ್ ಡ್ಯುಮೆಸಿಕ್ ಅವರ ಗುಂಪಿನಿಂದ. ನೀರಿನ ಮೇಲೆ ಇನ್ನೊಂದು ಸಾಲ್ವೆಂಟ್ ಪದರ ಇಡೋದು, ಎಚ್‌ಎಂಎಫ್ ಕೆಳಗೆ ಹುಟ್ಟಿದ ತಕ್ಷಣ ಮೇಲಿನ ಪದರಕ್ಕೆ ದಾಟಿಬಿಡ್ಬೇಕು, ಆಸಿಡ್ ಕೈಗೆ ಸಿಗಬಾರ್ದು. ಇವತ್ತು ಮೇಲಿನ ಪದರಕ್ಕೆ 2-ಮಿಥೈಲ್ ಟೆಟ್ರಾಹೈಡ್ರೋಫ್ಯೂರಾನ್ ಬಳಸೋರಿದ್ದಾರೆ, ಅದನ್ನ ಫರ್ಫ್ಯೂರಲ್‌ನಿಂದಾನೇ ಮಾಡಬಹುದು.

ಫ್ರಕ್ಟೋಸ್ ಯಾಕೆ, ಗ್ಲೂಕೋಸ್ ಯಾಕಲ್ಲ ಅಂತ ಕೇಳಬಹುದು, ಅದಕ್ಕೂ ನಿಮ್ಮ ಪ್ರಾಕ್ಟಿಕಲ್‌ನಲ್ಲೇ ಉತ್ತರ ಇದೆ. ಸೆಲಿವನಾಫ್ ಟೆಸ್ಟಲ್ಲಿ ಫ್ರಕ್ಟೋಸ್ ಬೇಗ ಕೆಂಪಾಗುತ್ತೆ, ಗ್ಲೂಕೋಸ್ ತುಂಬಾ ಹೊತ್ತು ತಗೊಳ್ಳುತ್ತೆ, ಯಾಕಂದ್ರೆ ಫ್ರಕ್ಟೋಸ್‌ಗೆ ಐದರ ಉಂಗುರಕ್ಕೆ ತಿರುಗೋದು ಸುಲಭ, ನೀರು ಬೇಗ ಬಿಡುತ್ತೆ. ಗ್ಲೂಕೋಸ್‌ನ ಫ್ರಕ್ಟೋಸ್ ಮಾಡೋಕೆ ಎನ್‌ಜೈಮ್ ಇದೆ, ಇಲ್ಲಾ ಕ್ಯಾಲ್ಟೆಕ್‌ನ ಮಾರ್ಕ್ ಡೇವಿಸ್ ಗುಂಪು 2010ರಲ್ಲಿ ತೋರಿಸಿದ ತವರ ಸೇರಿಸಿದ ಬೀಟಾ ಜಿಯೋಲೈಟ್ ಇದೆ, ನೀರಲ್ಲೇ ಕೆಲಸ ಮಾಡುತ್ತೆ.

ಈಗ ನನಗೆ ತುಂಬಾ ಇಷ್ಟದ ಭಾಗಕ್ಕೆ ಬರ್ತೀನಿ, ಫರ್ಫ್ಯೂರಲ್. ಇದು ಹೊಸದಲ್ಲ, ಅಮೆರಿಕದ ಅಯೋವಾದಲ್ಲಿ ಕ್ವೇಕರ್ ಓಟ್ಸ್ ಕಂಪನಿ ಓಟ್ಸ್ ಹೊಟ್ಟಿನಿಂದ ಇದನ್ನ 1920ರ ದಶಕದ ಶುರುವಲ್ಲೇ ಫ್ಯಾಕ್ಟರಿ ಲೆವೆಲ್‌ನಲ್ಲಿ ಮಾಡ್ತು, ಡ್ಯುಪಾಂಟ್ ಒಂದಷ್ಟು ವರ್ಷ ಇದರಿಂದಾನೇ ನೈಲಾನ್‌ನ ಕಚ್ಚಾವಸ್ತು ಮಾಡ್ತಿತ್ತು, ಪೆಟ್ರೋಲಿಯಂ ಅಗ್ಗ ಆದ್ಮೇಲೆ ಬಿಟ್ರು. ಈಗ ಹೆಚ್ಚಿನದು ಚೀನಾದಲ್ಲಿ ಮೆಕ್ಕೆಜೋಳದ ಬೆಂಡಿನಿಂದ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಕಬ್ಬಿನ ಸಿಪ್ಪೆಯಿಂದ ಮಾಡಿದ್ದಾರೆ. ಫರ್ಫ್ಯೂರಲ್‌ನ ನೇರವಾಗಿ ಡೀಲ್ಸ್-ಆಲ್ಡರ್‌ಗೆ ಹಾಕಿ ಬೆಂಜೀನ್ ಉಂಗುರ ಮಾಡೋಕೆ ಆದ್ರೆ ಹೈಡ್ರೋಜನ್ ಹೆಜ್ಜೆನೇ ಬೇಡ. ಆದ್ರೆ ಅದು ಒಪ್ಪಲ್ಲ. ಅದರ ಆಲ್ಡಿಹೈಡ್ ಗುಂಪು ಉಂಗುರದಿಂದ ಎಲೆಕ್ಟ್ರಾನ್ ಎಳ್ಕೊಂಡಿರುತ್ತೆ, ಡೈಈನ್ ಆಗಿ, ಅಂದ್ರೆ ಈ ರಿಯಾಕ್ಷನ್‌ನಲ್ಲಿ ನಾಲ್ಕು ಕಾರ್ಬನ್ ಕೊಡೋ ಕಡೆಯಾಗಿ, ಕೆಲಸ ಮಾಡೋಕೆ ಎಲೆಕ್ಟ್ರಾನ್ ಬೇಕು. ಮಾಡಿದ್ರೂ ಫ್ಯೂರಾನ್ ಅಡಕ್ಟ್‌ಗಳು, ಅಂದ್ರೆ ಎರಡು ಅಣು ಕೂಡಿ ಆದ ವಸ್ತುಗಳು, ಸ್ವಲ್ಪ ಬಿಸಿಗೇ ವಾಪಸ್ ಒಡೆದು ಹೋಗ್ತಾವೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಹೆಲೆನ್ ಹೇಲ್ಸ್, ಟಾಮ್ ಶೆಪರ್ಡ್ ಅವರ ಗುಂಪು 2016ರಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸ್ತು. ಫರ್ಫ್ಯೂರಲ್‌ಗೆ ಡೈಮಿಥೈಲ್ ಹೈಡ್ರಾಜಿನ್ ಸೇರಿಸಿದ್ರೆ ಆಲ್ಡಿಹೈಡು ಹೈಡ್ರಾಜೋನ್ ಆಗುತ್ತೆ, ಎಳ್ಕೊಳ್ತಿದ್ದ ಗುಂಪು ಈಗ ಎಲೆಕ್ಟ್ರಾನ್ ಕೊಡೋ ಗುಂಪಾಯ್ತು. ಅದೇ ಪಾತ್ರೆಗೆ ಎಥಿಲೀನ್ ಜಾಗದಲ್ಲಿ ಮಾಲಿಮೈಡ್ ಅನ್ನೋ ಜೊತೆಗಾರ ಅಣು ಹಾಕಿದ್ರೆ ಡೀಲ್ಸ್-ಆಲ್ಡರ್ ಆಗಿ, ನೀರು ತಾನಾಗೇ ಬಿಟ್ಟು ಬೆಂಜೀನ್ ಉಂಗುರ ಸಿದ್ಧ, ಇದೆಲ್ಲಾ ನೀರಲ್ಲೇ, 50 ಡಿಗ್ರಿ ಆಸುಪಾಸಿನ ಬೆಚ್ಚನೆ ನೀರಲ್ಲಿ! ನ್ಯಾಫ್ತಾದ 500 ಡಿಗ್ರಿ ಮುಂದೆ ಇದನ್ನ ಯೋಚನೆ ಮಾಡಿ. ನೀರಲ್ಲಿ ಡೀಲ್ಸ್-ಆಲ್ಡರ್ ಜೋರಾಗಿ ನಡೆಯುತ್ತೆ ಅಂತ ರೊನಾಲ್ಡ್ ಬ್ರೆಸ್ಲೋ 1980ರಲ್ಲೇ ತೋರಿಸಿದ್ರು, ನೀರಿಗೆ ಆಗದ ಎರಡು ಅಣುಗಳು ನೀರಲ್ಲಿ ಒಂದಕ್ಕೊಂದು ಹತ್ರ ಒತ್ತಿಕೊಳ್ತಾವೆ, ಅದೂ ಒಂದು ಕಾರಣ. ಆದ್ರೆ ಇಲ್ಲಿ ನೀವು ಕೇಳಿದ ಪರೀಕ್ಷೆ ಮಾಡ್ಲೇಬೇಕು. ಡೈಮಿಥೈಲ್ ಹೈಡ್ರಾಜಿನ್ ಅಂದ್ರೆ ಯಾವುದು? ನಮ್ಮ ಇಸ್ರೋದ ಪಿಎಸ್‌ಎಲ್‌ವಿ ಎರಡನೇ ಹಂತದ ವಿಕಾಸ್ ಎಂಜಿನ್‌ಗೆ ಹೋಗೋ ಇಂಧನದ ಮುಖ್ಯ ಭಾಗ ಅದೇ. ವಿಷ, ಉಸಿರಿಗೂ ಚರ್ಮಕ್ಕೂ. ಸಾಲ್ವೆಂಟ್ ನೀರು, ಬಿಸಿ ಕಮ್ಮಿ, ಹೊರಗೆ ಬರೋದು ನೀರು, ಮೂರೂ ಒಳ್ಳೇದು, ಆದ್ರೆ ನಾಲ್ಕನೇ ಕಡೆ ಇಷ್ಟು ವಿಷದ ಕೆಮಿಕಲ್ ಅಣುವಿಗೆ ಅಣು ಲೆಕ್ಕದಲ್ಲಿ ಖರ್ಚಾಗುತ್ತೆ, ಹೈಡ್ರಾಜೋನ್ ಭಾಗ ಪ್ರಾಡಕ್ಟ್‌ಗೆ ಅಂಟ್ಕೊಂಡೇ ಇರುತ್ತೆ, ಬೇಡ ಅಂದ್ರೆ ಇನ್ನೊಂದು ಹೆಜ್ಜೆ. ಔಷಧಿಯ ಸಣ್ಣ ಪ್ರಮಾಣಕ್ಕೆ ಇದು ಸರಿ ಹೋಗಬಹುದು, ಬಾಟಲಿ ಪ್ಲಾಸ್ಟಿಕ್ಕಿಗೆ ಆಗಲ್ಲ.

ಖುಷಿ ವಿಷಯ ಏನಂದ್ರೆ ಅದು ಅಲ್ಲಿಗೇ ನಿಲ್ಲಲಿಲ್ಲ. ನೆದರ್ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ಪೀಟರ್ ಬ್ರೌನಿಂಕ್ಸ್ ಗುಂಪು 2021ರಲ್ಲಿ ಹೈಡ್ರಾಜಿನ್ ಹಾಕದೇ ಫರ್ಫ್ಯೂರಲ್‌ನೇ ಮಾಲಿಮೈಡ್ ಜೊತೆ ನೀರಲ್ಲಿ ಸೇರಿಸಿ ತೋರಿಸ್ತು. ಹೇಗೆ ಅಂದ್ರೆ ಅಡಕ್ಟ್ ಆದ ಮೇಲೆ ಆಲ್ಡಿಹೈಡ್ ಗುಂಪು ನೀರು ಸೇರಿಸ್ಕೊಂಡು ಡಯಾಲ್ (ಎರಡು ಓಎಚ್ ಇರೋ ರೂಪ) ಆಗುತ್ತೆ, ಆ ರೂಪ ವಾಪಸ್ ಒಡೆಯೋದನ್ನ ತಡೆಯುತ್ತೆ. ಅಂದ್ರೆ ನೀರು ಇಲ್ಲಿ ಬರೀ ಸಾಲ್ವೆಂಟ್ ಅಲ್ಲ, ಬ್ಯಾಲೆನ್ಸ್‌ನ ನಮ್ಮ ಕಡೆ ತಿರುಗಿಸೋದೇ ಅದು. ನಾನು ಇದನ್ನ ಓದಿದಾಗ ತುಂಬಾ ಹೊತ್ತು ಆ ಸ್ಕೀಮ್ ನೋಡ್ತಾ ಕೂತಿದ್ದೆ. ಹೊರಗಿಂದ ಏನೂ ತರದೇ, ಇರೋ ನೀರಿನ ಗುಣ ಉಪಯೋಗಿಸ್ಕೊಂಡು ಕೆಲಸ ಮಾಡಿಸೋದು, ನನ್ನ ಪ್ರಕಾರ ಗ್ರೀನ್ ಕೆಮಿಸ್ಟ್ರಿ ಅಂದ್ರೆ ಇದು.

ಇನ್ನೊಂದು ದಾರಿ ಸೂಕ್ಷ್ಮಜೀವಿಗಳದ್ದು, ಅದನ್ನ ಸ್ವಲ್ಪ ಬೇಗ ಹೇಳ್ತೀನಿ. ಗಿಡಗಳು, ಬ್ಯಾಕ್ಟೀರಿಯಾಗಳು ಬೆಂಜೀನ್ ಉಂಗುರನ ಶಿಕಿಮೇಟ್ ಪಾಥ್‌ವೇ ಅನ್ನೋ ಜೀವಕೋಶದ ರಿಯಾಕ್ಷನ್ ಸರಣಿಲಿ ಮಾಮೂಲಿ ಉಷ್ಣತೆಲೇ ಮಾಡ್ಕೊಳ್ತಾವೆ, ಪ್ರಾಣಿಗಳಿಗೆ ಆ ದಾರಿ ಇಲ್ಲ, ಅದಕ್ಕೇ ನಾವು ಫಿನೈಲ್‌ಅಲನೈನ್ ಊಟದಿಂದಾನೇ ಪಡೀಬೇಕು. ಜಾನ್ ಫ್ರಾಸ್ಟ್, ಕ್ಯಾರೆನ್ ಡ್ರಾಥ್ಸ್ ಇಬ್ಬರೂ 1990ರ ದಶಕದಲ್ಲಿ ಇ. ಕೋಲಿಯ ಈ ದಾರಿ ತಿರುಗಿಸಿ ಗ್ಲೂಕೋಸ್‌ನಿಂದ ಕ್ಯಾಟೆಕಾಲ್, ಮ್ಯುಕಾನಿಕ್ ಆಸಿಡ್ ಎಲ್ಲಾ ಮಾಡಿಸಿದ್ರು, 1998ರಲ್ಲಿ ಅಮೆರಿಕದ ಗ್ರೀನ್ ಕೆಮಿಸ್ಟ್ರಿ ಪ್ರಶಸ್ತಿನೂ ಬಂತು. ಜರ್ಮನಿಯ ಕೋವೆಸ್ಟ್ರೋ ಕಂಪನಿ ಸಸ್ಯದ ಸಕ್ಕರೆಯಿಂದ ಅನಿಲೀನ್ ಮಾಡೋ ಪೈಲಟ್ ಘಟಕನ 2024ರಲ್ಲಿ ಲೆವರ್‌ಕುಸೆನ್‌ನಲ್ಲಿ ಶುರು ಮಾಡಿದೆ, ಅಲ್ಲಿ ಮೊದಲರ್ಧ ಸೂಕ್ಷ್ಮಜೀವಿ, ಎರಡನೇ ಅರ್ಧ ಕ್ಯಾಟಲಿಸ್ಟ್. ತೊಂದರೆ ಏನಂದ್ರೆ ಫೀನಾಲ್ ತರದ್ದು ಜೀವಿಗೇ ವಿಷ, ಸ್ವಲ್ಪ ಆಗ್ತಿದ್ದಂಗೇ ಅದು ಸುಸ್ತಾಗುತ್ತೆ, ತೆಳು ದ್ರಾವಣ, ಅಷ್ಟು ನೀರಿಂದ ಬೇರೆ ಮಾಡೋ ಖರ್ಚು. ಬೆಲೆ ಹೆಚ್ಚಿರೋ ಸರಕಿಗೆ ಈ ದಾರಿ ಒಳ್ಳೇದು.

ನಿಮ್ಮ ಎರಡನೇ ಪ್ರಶ್ನೆ, ಗ್ರೀನ್‌ನ ಹೇಗೆ ಪರೀಕ್ಷೆ ಮಾಡೋದು. ಪಾಲ್ ಅನಾಸ್ತಾಸ್, ಜಾನ್ ವಾರ್ನರ್ 1998ರಲ್ಲಿ ಕೊಟ್ಟ ಹನ್ನೆರಡು ತತ್ವ ನಿಮ್ಮ ಸಿಲಬಸ್‌ನಲ್ಲಿ ಇರುತ್ತೆ, ಬಾಯಿಪಾಠ ಮಾಡೋದ್ರಿಂದ ಏನೂ ಆಗಲ್ಲ. ಯಾವುದೇ ಪೇಪರ್ ಕೈಗೆ ಬಂದ್ರೆ ಮೊದಲು ಎಕ್ಸ್‌ಪೆರಿಮೆಂಟಲ್ ಭಾಗ ತೆಗೀರಿ. ಸಕ್ಕರೆ ಎಷ್ಟು ತೆಳುವಾಗಿತ್ತು ನೋಡಿ, ಲೀಟರ್ ನೀರಿಗೆ ಎರಡು ಗ್ರಾಂ ಹಾಕಿ 90 ಪರ್ಸೆಂಟ್ ಯೀಲ್ಡ್ ತೋರಿಸೋದು ಕಷ್ಟ ಅಲ್ಲ, ಆ ನೀರನ್ನ ಆವಿ ಮಾಡೋರು ಯಾರು? ರಿಯಾಕ್ಷನ್ ನೀರಲ್ಲಿ ಮಾಡಿ ಆಮೇಲೆ ಡೈಕ್ಲೋರೋಮೀಥೇನ್‌ನಲ್ಲಿ ಮೂರು ಸಲ ಎಕ್ಸ್‌ಟ್ರಾಕ್ಟ್ ಮಾಡಿ, ಸಿಲಿಕಾ ಕಾಲಮ್ ಹಾಕಿದ್ದಾರಾ ನೋಡಿ, ಹಾಕಿದ್ರೆ ಟೈಟಲ್‌ನಲ್ಲಿರೋ ಗ್ರೀನ್ ಅಲ್ಲೇ ಮುಗೀತು. ಆಸಿಡ್ ಯಾವುದು, ಸಲ್ಫ್ಯೂರಿಕ್ ಆದ್ರೆ ಕೊನೇಲಿ ಸುಣ್ಣ ಹಾಕಿ ನ್ಯೂಟ್ರಲ್ ಮಾಡ್ಬೇಕು, ಅಷ್ಟು ಜಿಪ್ಸಂ ಬೀಳುತ್ತೆ. ಹೈಡ್ರೋಜನ್ ಎಲ್ಲಿಂದ, ಕ್ಯಾಟಲಿಸ್ಟ್ ಎಷ್ಟು ಸಲ ಮತ್ತೆ ಬಳಸಿದ್ರು. ಇದಕ್ಕೆಲ್ಲಾ ಒಂದೇ ಸಂಖ್ಯೆ ಬೇಕಂದ್ರೆ ರೋಜರ್ ಶೆಲ್ಡನ್ 1992ರಲ್ಲಿ ಹೇಳಿದ ಇ-ಫ್ಯಾಕ್ಟರ್ ಇದೆ, ಒಂದು ಕೆಜಿ ಸರಕಿಗೆ ಎಷ್ಟು ಕೆಜಿ ಕಸ, ಅಷ್ಟೇ. ಸಾಲ್ವೆಂಟ್ ಬಿಟ್ಟು ಲೆಕ್ಕ ಹಾಕಿರೋದು ಕಂಡ್ರೆ ಸೇರಿಸಿ ನೀವೇ ಹಾಕಿ.

ಇನ್ನು ಕಬ್ಬಿನ ಸಿಪ್ಪೆ. ಇದನ್ನ ತ್ಯಾಜ್ಯ ಅಂತ ಬರೀಬೇಡಿ, ನಿಮ್ಮೂರಿನ ಫ್ಯಾಕ್ಟರಿಯೋರು ಕೇಳಿದ್ರೆ ಒಪ್ಪಲ್ಲ, ಅವರ ಬಾಯ್ಲರ್ ಉರಿಯೋದು, ಕೋಜನರೇಷನ್ ಕರೆಂಟ್ ಮಾರೋದು ಅದರಿಂದಾನೇ, ತಮಿಳುನಾಡಲ್ಲಿ ಅದರಿಂದ ಪೇಪರ್ರೂ ಮಾಡ್ತಾರೆ. ಪೂರ್ತಿ ಸಿಪ್ಪೆ ಕಿತ್ಕೊಂಡ್ರೆ ರಸ ಕುದಿಸೋಕೆ ಅವರು ಕಲ್ಲಿದ್ದಲು ತರಬೇಕು, ಗ್ರೀನ್ ಲೆಕ್ಕ ತಲೆಕೆಳಗಾಗುತ್ತೆ. ಆದ್ರೆ ಒಣ ಸಿಪ್ಪೆಲಿ ಕಾಲು ಭಾಗಕ್ಕೂ ಸ್ವಲ್ಪ ಹೆಚ್ಚು ಹೆಮಿಸೆಲ್ಯುಲೋಸ್ (ಸಸ್ಯಕೋಶದ ಗೋಡೆಲಿರೋ ಒಂದು ಸಕ್ಕರೆ ಸರಪಳಿ) ಇರುತ್ತೆ, ಅದರಲ್ಲಿ ಹೆಚ್ಚಿನದು ಕ್ಸೈಲೋಸ್. ಅದನ್ನ ಮಾತ್ರ ಮೊದಲು ಫರ್ಫ್ಯೂರಲ್ ಆಗಿ ತೆಗೆದು, ಉಳಿದ ಸೆಲ್ಯುಲೋಸ್, ಲಿಗ್ನಿನ್‌ನ ಬಾಯ್ಲರ್‌ಗೇ ವಾಪಸ್ ಕೊಡೋದು ನನಗೆ ಸರಿ ಕಾಣೋ ದಾರಿ. ಹಳೇ ಪದ್ಧತಿಲಿ ಒಂದು ಟನ್ ಫರ್ಫ್ಯೂರಲ್‌ಗೆ ಹತ್ತಾರು ಟನ್ ಹಬೆ ಬೇಕಾಗ್ತಿತ್ತು, ಯೀಲ್ಡ್ ಲೆಕ್ಕದ ಅರ್ಧ ಬಂದ್ರೆ ಹೆಚ್ಚು, ಸುಧಾರಿಸೋಕೆ ಜಾಗ ಬೇಕಾದಷ್ಟಿದೆ. ಹಾವೇರಿ, ದಾವಣಗೆರೆ ಕಡೆ ಮೆಕ್ಕೆಜೋಳದ ಬೆಂಡಿಗೂ ಇದೇ ಮಾತು, ಬೆಂಡಿನಲ್ಲಿ ಕ್ಸೈಲೋಸ್ ಇನ್ನೂ ಹೆಚ್ಚು.

ಪ್ರಾಜೆಕ್ಟ್ ಖಂಡಿತ ಆಗುತ್ತೆ, ಆದ್ರೆ ಸಿಪ್ಪೆಯಿಂದ ಬೆಂಜೀನ್ ಉಂಗುರದವರೆಗೆ ಒಂದೇ ಪ್ರಾಜೆಕ್ಟಲ್ಲಿ ಹೋಗ್ತೀನಿ ಅನ್ಬೇಡಿ. ಫರ್ಫ್ಯೂರಲ್‌ವರೆಗೆ ಚೆನ್ನಾಗಿ ಮಾಡಿ. 1921ರಲ್ಲೇ ಅಚ್ಚಾದ ಒಂದು ಲ್ಯಾಬ್ ವಿಧಾನ ಇದೆ, ಮೆಕ್ಕೆಜೋಳದ ಬೆಂಡು, 10 ಪರ್ಸೆಂಟ್ ಸಲ್ಫ್ಯೂರಿಕ್ ಆಸಿಡ್, ಅಡುಗೆ ಉಪ್ಪು ಹಾಕಿ ಡಿಸ್ಟಿಲ್ ಮಾಡೋದು, ಒಂದೂವರೆ ಕೆಜಿ ಬೆಂಡಿಗೆ 165ರಿಂದ 200 ಗ್ರಾಂ ಫರ್ಫ್ಯೂರಲ್ ಸಿಗುತ್ತೆ. ಅದನ್ನ ಸಣ್ಣದು ಮಾಡ್ಕೊಂಡು ಸಿಪ್ಪೆಗೆ ಹಾಕಿ, ಅದು ನಿಮ್ಮ ಹೋಲಿಕೆಯ ಅಳತೆ. ಬರೋ ಡಿಸ್ಟಿಲೇಟ್‌ನಲ್ಲಿ ಬಾದಾಮಿ ವಾಸನೆ ಇರುತ್ತೆ, ಬೇಕಂತ ಮೂಸಬೇಡಿ, ಫರ್ಫ್ಯೂರಲ್ ಚರ್ಮದ ಮೂಲಕವೂ ಒಳಗೆ ಹೋಗುತ್ತೆ, ಫ್ಯೂಮ್ ಹುಡ್, ಗ್ಲೌಸ್ ಇಲ್ಲದೇ ಶುರು ಮಾಡ್ಲೇಬೇಡಿ. ಅನಿಲೀನ್ ಅಸಿಟೇಟ್ ಹಚ್ಚಿದ ಕಾಗದ ಕೆಂಪಾದ್ರೆ ಫರ್ಫ್ಯೂರಲ್ ಬಂದಿದೆ ಅಂತ, ಎಷ್ಟಿದೆ ಅಂತ ತಿಳಿಯೋಕೆ ಯುವಿಲಿ 277 ನ್ಯಾನೋಮೀಟರ್ ಹತ್ರ ನೋಡಿ. ಎಣ್ಣೆ ಪದರ ಕಾಣಲಿಲ್ಲ ಅಂತ ಗಾಬರಿ ಬೇಡ, ನೀರಲ್ಲಿ ಸುಮಾರು 8 ಪರ್ಸೆಂಟ್‌ವರೆಗೆ ಕರಗಿರುತ್ತೆ, ಉಪ್ಪು ತುಂಬಿ ಈಥೈಲ್ ಅಸಿಟೇಟ್‌ನಲ್ಲಿ ತೆಗೀರಿ, ಕ್ಲೋರೋಫಾರ್ಮ್ ಬೇಡ. ತೆಗೆದಿದ್ದನ್ನ ಕಪ್ಪು ಬಾಟಲಿಲಿ ತಂಪಲ್ಲಿಡಿ, ಗಾಳಿ ಬೆಳಕಿಗೆ ಬಿಟ್ರೆ ಕಂದಾಗಿ ಆಮೇಲೆ ಕಪ್ಪಾಗುತ್ತೆ.

ಆಮೇಲೆ ಸಲ್ಫ್ಯೂರಿಕ್ ಬದಲು ಆಂಬರ್‌ಲಿಸ್ಟ್ ತರದ ಸಾಲಿಡ್ ಆಸಿಡ್ (ಮಣಿ ಮಣಿಯಾಗಿರೋ ಆಸಿಡ್ ರಾಳ) ಹಾಕಿ ಹೋಲಿಸ್ಬೇಕು ಅಂತ ನಿಮಗೆ ಅನ್ನಿಸುತ್ತೆ, ಅನ್ನಿಸ್ಬೇಕು ಕೂಡ. ನೇರ ಸಿಪ್ಪೆಗೆ ಹಾಕಬೇಡಿ. ಸಿಪ್ಪೆನೂ ಗಟ್ಟಿ, ಕ್ಯಾಟಲಿಸ್ಟೂ ಗಟ್ಟಿ, ಎರಡೂ ಸರಿಯಾಗಿ ಮುಟ್ಟಲ್ಲ, ಕೊನೇಲಿ ಲಿಗ್ನಿನ್‌ನಿಂದ ಮಣಿಗಳನ್ನ ಬೇರೆ ಮಾಡೋಕೂ ಆಗಲ್ಲ. ಮೊದಲು ಸಿಪ್ಪೆನ ಬಿಸಿನೀರಲ್ಲೋ ತುಂಬಾ ತೆಳು ಆಸಿಡ್‌ನಲ್ಲೋ ಕುದಿಸಿ ಕ್ಸೈಲೋಸ್ ದ್ರಾವಣ ತೆಗೆದು, ಸೋಸಿ, ಅದರ ಮೇಲೆ ಕ್ಯಾಟಲಿಸ್ಟ್ ಪ್ರಯೋಗ ಮಾಡಿ, ಆಂಬರ್‌ಲಿಸ್ಟ್-15 ಆದ್ರೆ 120 ಡಿಗ್ರಿ ದಾಟಿಸಬೇಡಿ. ಒಂದೇ ಕ್ಯಾಟಲಿಸ್ಟ್‌ನ ತೊಳೆದು ಮತ್ತೆ ಮತ್ತೆ ಬಳಸಿ ಯೀಲ್ಡ್ ಎಲ್ಲಿ ಬೀಳುತ್ತೆ ಬರೀರಿ. ಹಾಕಿದ ಸಿಪ್ಪೆ, ನೀರು, ಉಪ್ಪು, ಸಾಲ್ವೆಂಟ್, ಬಂದ ಫರ್ಫ್ಯೂರಲ್ ಎಲ್ಲಾದರ ತೂಕ ಟೇಬಲ್‌ನಲ್ಲಿ ಇರಲಿ, ಫ್ಲಾಸ್ಕ್ ತಳದ ಕರಿ ಪುಡಿನ ಕೆರೆದು ಬಿಸಾಕದೇ ಒಣಗಿಸಿ ಅದರ ತೂಕಾನೂ ಬರೀರಿ. ಕಾರ್ಬನ್ ಎಲ್ಲಿ ಹೋಯ್ತು ಅಂತ ವೈವಾದಲ್ಲಿ ಕೇಳಿದ್ರೆ ಆ ಸಾಲು ತೋರಿಸಬಹುದು.